ತರೀಕೆರೆಗೆ ಮಂಗಳವಾರ, ಶುಕ್ರವಾರ

ಹೋದ ತಿಂಗಳು ಒಂದು ಮದುವೆಗೆಂದು ಕಡೂರಿಗೆ ಹೋದವನು ಹಿಂದಿರುಗುವಾಗ ಅಜ್ಜಂಪುರದ ಮೇಲೆ ಬಂದೆ. ಊರು ಇನ್ನೂ ಒಂದೆರಡು ಮೈಲಿ ದೂರವಿರುವಾಗಲೇ ಬಸ್ಸಿನ ಕಿಟಕಿಯಿಂದ ಆ ವಾಸನೆ ಬಂತು. ಕಿತ್ತ ಈರುಳ್ಳಿ ಹೊಲದಲ್ಲೇ ಮಳೆಗೆ ಸಿಕ್ಕಿ ನೆಂದಾಗ ಬರುವ ವಾಸನೆ ಅದು, ಅರ್ಧ ಖಾರ, ಅರ್ಧ ಕೊಳೆತದ್ದು. ಪಕ್ಕದಲ್ಲಿ ಕುಳಿತವರು ಮೂಗು ಮುಚ್ಚಿಕೊಂಡು, ಕಿಟಕಿ ಹಾಕಿ ಸಾರ್ ಎಂದರು. ಹಾಕಿದೆ. ಆದರೆ ಅಷ್ಟರಲ್ಲಿ ಒಂದು ಇಡೀ ಮಳೆಗಾಲ ನನ್ನ ಪಕ್ಕ ಬಂದು ಕುಳಿತಾಗಿತ್ತು.

ಆ ವರ್ಷ ನಾನು ಕಡೂರಿನ ಚರ್ಚಿನಲ್ಲಿ ಸಭಾಪಾಲಕನಾಗಿದ್ದೆ. ಸಭೆ ಎಂದರೆ ದೊಡ್ಡದೇನಲ್ಲ. ಕಡೂರಿನಲ್ಲಿ ಹದಿನೈದಿಪ್ಪತ್ತು ಮನೆ. ಅಜ್ಜಂಪುರದಲ್ಲಿ ನಾಲ್ಕೇ ಮನೆ. ಅವರಿಗಾಗಿ ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಒಂದು ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಆರಾಧನೆ ನಡೆಸುತ್ತಿದ್ದೆ. ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿ ಪ್ರೇಮಳೂ ವರ್ಗವಾಗಿ ಅಲ್ಲಿಗೆ ಬಂದಾಗ ನಮ್ಮ ಮಗು ತೀರಿಕೊಂಡು ಮೂರು ತಿಂಗಳಾಗಿತ್ತು. ಏಳು ತಿಂಗಳಿಗೆ ಹುಟ್ಟಿದ್ದು, ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಣ್ಣುಮಗು. ಹಿಂದಿನ ಊರಿನ ಸ್ಮಶಾನದಲ್ಲಿ ನಾನೇ ನಿಂತು ಮಣ್ಣಿನ ಪ್ರಾರ್ಥನೆ ಓದಿದೆ. ಧ್ವನಿ ಒಂದು ಕಡೆಯೂ ನಡುಗಲಿಲ್ಲ. ಅಯ್ಯನವರ ವಿಶ್ವಾಸ ನೋಡಿ ಎಂದು ಜನ ಮಾತಾಡಿಕೊಂಡರು. ನನಗೂ ಆಗ ಅದು ವಿಶ್ವಾಸವೆಂದೇ ಅನ್ನಿಸಿತ್ತು.

ಭಯ, ದಣಿವು, ನಿರಾಶೆ, ಇವುಗಳ ಮೇಲೆ ಆರಾಧನೆಯಲ್ಲಿ ಹೇಳುವ ಪ್ರಸಂಗಗಳ ಒಂದು ದಪ್ಪ ಫೈಲು ನನ್ನ ಬಳಿ ಇತ್ತು. ಒಳ್ಳೆಯ ಪ್ರಸಂಗಗಳೇ. ಎಲ್ಲಿ ಹೇಳಿದರೂ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮಗು ಹೋದ ಮೇಲೆ ಅದರಲ್ಲಿದ್ದದ್ದನ್ನೇ ಪ್ರೇಮಳಿಗೂ ಹೇಳಿದ್ದೆ, ಅವಳು ಗೋಡೆಯ ಕಡೆ ತಿರುಗಿ ಮಲಗಿರುವಾಗ, ಹಾಸಿಗೆಯ ಅಂಚಿನಲ್ಲಿ ಕುಳಿತು. ಒಂದು ದಿನ ಅವಳು ತಿರುಗದೆಯೇ, "ನಿಮ್ಮ ಪ್ರಸಂಗ ನಂಗೆ ಬೇಡಾರೀ" ಎಂದಳು. ಕಡೂರಿಗೆ ಬಂದ ಮೇಲೆ ಅವಳು ಆರಾಧನೆಗೆ ಬರುವುದನ್ನೇ ಬಿಟ್ಟಳು. ಅಮ್ಮನವರಿಗೆ ಮೈಗೆ ಹುಷಾರಿಲ್ಲ ಎಂದು ನಾನು ಸಭೆಗೆ ಹೇಳುತ್ತಿದ್ದೆ.

ನನಗೂ ಹುಷಾರಿರಲಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಫೋನು ಬಡಿದುಕೊಂಡರೆ ಎದೆ ಹಾರುತ್ತಿತ್ತು. ಆಸ್ಪತ್ರೆಯ ಮುಂದೆ ಹೋಗುವುದಾದರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ. ಪ್ರಾರ್ಥಿಸಲು ಮೊಣಕಾಲೂರಿದರೆ ಬಾಯಿಗೆ ಬರುತ್ತಿದ್ದುದು ಫೈಲಿನ ವಾಕ್ಯಗಳೇ. ಕೇಳುವವನು ಎದ್ದುಹೋಗಿ ಬಹಳ ಹೊತ್ತಾಗಿದೆ ಎನ್ನಿಸುತ್ತಿತ್ತು.

ಜೂನ್ ತಿಂಗಳ ಮೊದಲ ಮಳೆ ಬಿದ್ದ ವಾರ ಅಜ್ಜಂಪುರದ ಸುಶೀಲಮ್ಮ ಕಡೂರಿನ ನಮ್ಮ ಮನೆಗೆ ಬಂದರು. ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುವ ಹೆಂಗಸು. ಗಂಡ ದೇವದಾಸಪ್ಪ ಬಡಗಿ, ಅರವತ್ತು ದಾಟಿದವರು. ಅವರ ಎರಡೂ ಮೂತ್ರಪಿಂಡ ಕೆಟ್ಟು ವರ್ಷವಾಗಿತ್ತು. ತರೀಕೆರೆಯ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್ ಆಗಬೇಕಿತ್ತು.

"ಇನ್ಮೇಲೆ ಹೋಗಲ್ಲ ಅಂತವ್ರೆ ಅಯ್ನೋರೇ," ಎಂದರು ಸುಶೀಲಮ್ಮ, ನೆಂದ ಸೆರಗು ಹಿಂಡುತ್ತಾ. "ಸಾಕಾಯ್ತು, ಬಿಟ್ಬಿಡು ಅಂತಾರೆ. ನಾನು ಕೆಲ್ಸ ಬಿಟ್ಟು ಜೊತೇಲಿ ಹೋಗಕ್ಕಾಗಲ್ಲ. ಒಬ್ರೇ ಹೋಗಿ ಒಬ್ರೇ ಬಂದು ಮನ್ಸು ಮುರ್ದೋಗೈತೆ. ನೀವೊಂದು ಧೈರ್ಯದ ಮಾತು ಹೇಳಿ."

ಮರುದಿನವೇ ಹೋದೆ. ದೇವದಾಸಪ್ಪ ಜಗುಲಿಯ ಮೇಲೆ ಒಂದು ಹಳೇ ಬಾಗಿಲಿಗೆ ಒರಗಿ ಕುಳಿತಿದ್ದರು. ಮುಖ ಊದಿತ್ತು, ಚರ್ಮ ಬೂದಿಬಣ್ಣಕ್ಕೆ ತಿರುಗಿತ್ತು, ಕೈ ಮಾತ್ರ ಇನ್ನೂ ಬಡಗಿಯ ದಪ್ಪ ಕೈ. ಎಡಗೈಯ ಮುಂದೋಳಿನಲ್ಲಿ, ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿದ ಕಡೆ, ನರ ಹಗ್ಗದಂತೆ ಉಬ್ಬಿತ್ತು. ನಾನು ಕುಳಿತು ಫೈಲಿನಲ್ಲಿದ್ದದ್ದನ್ನು ಹೇಳಿದೆ. ದೇವರು ಕೈಬಿಡುವುದಿಲ್ಲ ಎಂದೆ. ದಣಿದವರಿಗೆ ಆತನೇ ಬಲ ಎಂದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ಚೆನ್ನಾಗಿ ಹೇಳ್ತೀರಿ," ಎಂದರು. "ಒಂದು ಕೇಳ್ತೀನಿ, ತಪ್ಪು ತಿಳ್ಕಬೇಡಿ. ನಿಮ್ಗೆ ಭಯ ಆಗ್ತದಾ ಅಯ್ನೋರೇ?"

ಇಲ್ಲ ಎನ್ನಲು ಬಾಯಿ ತೆರೆದೆ. ಆ ಕಣ್ಣುಗಳ ಮುಂದೆ ಅದು ಬರಲಿಲ್ಲ.

"ಆಗ್ತದೆ," ಎಂದೆ. "ಆಸ್ಪತ್ರೆ ಅಂದ್ರೆ ಆಗ್ತದೆ."

ಅವರು ಬಾಗಿಲು ಬಿಟ್ಟು ನೇರ ಕುಳಿತರು. "ಹಂಗಾದ್ರೆ ಶುಕ್ರವಾರ ಹೋಗಣ. ನೀವೂ ಬನ್ನಿ. ನಂಗೆ ಮಾತು ಬ್ಯಾಡ, ಜೊತೆ ಬೇಕು."

ಹಾಗೆ ಶುರುವಾಯಿತು. ಕತ್ತಲೆ ಹರಿಯುವ ಮುಂಚೆ ಎದ್ದು, ಕಡೂರಿನಿಂದ ಅಜ್ಜಂಪುರಕ್ಕೆ ಬಂದು, ಅಲ್ಲಿಂದ ಅವರನ್ನು ಕರೆದುಕೊಂಡು ತರೀಕೆರೆ ಬಸ್ಸು ಹತ್ತುತ್ತಿದ್ದೆ. ಆ ಸಲ ಮಳೆ ನಿಲ್ಲಲೇ ಇಲ್ಲ. ಬಯಲುಸೀಮೆಗೆ ಅಷ್ಟು ಮಳೆ ಬೇಕಿರಲಿಲ್ಲ. ಜಡಿಮಳೆಯೂ ಅಲ್ಲ, ಬಿರುಮಳೆಯೂ ಅಲ್ಲ, ದಿನವಿಡೀ ತೊಟ್ಟಿಕ್ಕುವ ಬೂದುಮಳೆ. ಹೊಲಗಳಲ್ಲಿ ಈರುಳ್ಳಿ ತಾಳು ಹಳದಿಯಾಗಿ ಮಲಗಿತ್ತು. ಬಸ್ಸಿನ ಸೀಟು ಯಾವಾಗಲೂ ಒದ್ದೆ. ದೇವದಾಸಪ್ಪ ಕಿಟಕಿಯ ಪಕ್ಕ ಕುಳಿತು, ಗಾಜಿನ ಮೇಲೆ ಇಳಿಯುವ ಹನಿಗಳನ್ನೇ ನೋಡುತ್ತಿದ್ದರು. ಅವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟುಮಾಡಿದ್ದರು. ಬಾಯಾರಿದರೆ ತುಟಿ ಒದ್ದೆ ಮಾಡಿಕೊಳ್ಳಬೇಕು, ಅಷ್ಟೇ.

ಡಯಾಲಿಸಿಸ್ ಕೋಣೆಗೆ ಮೊದಲ ದಿನ ಕಾಲಿಟ್ಟಾಗ ನನಗೆ ಔಷಧದ ವಾಸನೆಗೇ ತಲೆ ತಿರುಗಿತು. ನರ್ಸ್ ಎರಡು ದಪ್ಪ ಸೂಜಿ ಚುಚ್ಚಿದಳು. ನಳಿಕೆಯಲ್ಲಿ ರಕ್ತ ಹೊರಟಿತು. ನಾನು ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡೆ. ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸು ಅದನ್ನು ಕಂಡು ನಕ್ಕರು. ಗೌರಮ್ಮ ಎಂದು, ಅಂತರಘಟ್ಟೆ ಕಡೆಯ ಒಕ್ಕಲುಮನೆಯವರು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು.

"ಇವ್ರ್ಯಾರು ದೇವದಾಸಣ್ಣ, ನಿನ್ನ ಕಾಯಕ್ಕೆ ಬಂದೋರೋ, ನೀನೇ ಇವ್ರನ್ನ ಕಾಯ್ಬೇಕೋ?"

"ನಮ್ಮ ಪಾದ್ರಿಗಳು ಕಣಕ್ಕ. ಅವ್ರಿಗೂ ಭಯ ಆಗ್ತದಂತೆ."

"ಆಗ್ಲೇಳು. ಭಯ ಆಗೋರೇ ಒಳ್ಳೇದು, ಪಕ್ಕದಾಗೆ ಕೂತ್ಕತಾರೆ. ಭಯ ಇಲ್ದೋರು ನಾಕು ಮಾತು ಹೇಳಿ ಹೊಂಟೋಗ್ತಾರೆ."

ನಾಲ್ಕು ಗಂಟೆ ಹೊತ್ತು ಮಿಷನ್ ಗುಂಯ್ ಎನ್ನುತ್ತಿತ್ತು. ಕೆಲವೊಮ್ಮೆ ದೇವದಾಸಪ್ಪನವರ ಮೀನಖಂಡ ಸೆಟೆದುಕೊಂಡಾಗ ಅವರು ಹಲ್ಲು ಕಚ್ಚುತ್ತಿದ್ದರು. ನಾನು ಕಾಲು ತಿಕ್ಕುತ್ತಿದ್ದೆ. ಇಷ್ಟು ವರ್ಷ ನಾನು ಜನರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದೆನೇ ಹೊರತು ಯಾರ ಕಾಲನ್ನೂ ಹಿಡಿದಿರಲಿಲ್ಲ.

ಜುಲೈ ತಿಂಗಳ ಒಂದು ದಿನ, ವಾಪಸು ಬರುವ ಬಸ್ಸಿನಲ್ಲಿ, ಅವರು ತಾವಾಗಿಯೇ ಮಾತು ತೆಗೆದರು. "ಬೈಬಲ್ನಾಗೆ ಆ ಪ್ರವಾದಿ ಇದ್ನಲ್ಲ, ಅಡವೀಲಿ ಗಿಡದ ಕೆಳಗೆ ಬಿದ್ಕಂಡು, ಸಾಕಪ್ಪಾ, ಜೀವ ತಗಂಡ್ಬಿಡು ಅಂದೋನು. ದೇವ್ರು ಅವ್ನಿಗೆ ಪ್ರಸಂಗ ಮಾಡ್ದನಾ?"

"ಇಲ್ಲ."

"ಬೈದನಾ?"

"ಇಲ್ಲ."

"ರೊಟ್ಟಿ ಕೊಟ್ಟ. ತಿನ್ನು, ಮಲಿಕ್ಕ ಅಂದ. ಎದ್ದ ಮೇಲೆ ಇನ್ನೊಂದು ರೊಟ್ಟಿ ಕೊಟ್ಟ. ಅಷ್ಟೇ ಅಲ್ವಾ? ನಂಗೂ ಅಷ್ಟೇ ಸಾಕು ಅಯ್ನೋರೇ. ಇವತ್ತಿಂದು ಇವತ್ತು." ಆಮೇಲೆ ಕಿಟಕಿಯ ಕಡೆ ತಿರುಗಿ, "ಒಂದು ಹೂಜಿ ನೀರೂ ಕೊಟ್ಟ ನೋಡಿ. ಅದೊಂದೇ ನಂಗೆ ಹೊಟ್ಟೆ ಉರಿ," ಎಂದರು.

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವರು ಮೆಲ್ಲಗೆ ಕೇಳಿದರು. "ನಿಮ್ಮ ಮಗಿಗೆ ಪೆಟ್ಟಿಗೆ ಎಷ್ಟುದ್ದ ಮಾಡ್ಸಿದ್ರಿ?"

ಮಗು ಹೋದದ್ದು ಸಭೆಗೆಲ್ಲ ಗೊತ್ತಿತ್ತು. ಸಭೆಯಲ್ಲಿ ಯಾರು ತೀರಿಕೊಂಡರೂ ಶವಪೆಟ್ಟಿಗೆ ಮಾಡುತ್ತಿದ್ದವರು ಅವರೇ. ಅವರಿಗೆ ಅದು ಸಹಜವಾದ ಪ್ರಶ್ನೆ. ಆದರೆ ನನ್ನನ್ನು ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ದೇವರ ಚಿತ್ತ ಎಂದಿದ್ದರು, ಇನ್ನೊಂದು ಆಗುತ್ತದೆ ಎಂದಿದ್ದರು. ನಾನು ಬಲಗೈ ಎತ್ತಿ, ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದೆ. ಜನ ತುಂಬಿದ ಬಸ್ಸಿನಲ್ಲಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಾನು ಅತ್ತೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ದೇವದಾಸಪ್ಪ ಸೂಜಿ ಚುಚ್ಚಿದ ಕೈಯನ್ನು ಹಾಗೇ ಎತ್ತಿ ನನ್ನ ಮೊಣಕಾಲ ಮೇಲೆ ಇಟ್ಟಿದ್ದರು.

ಸಂಜೆ ಮನೆಗೆ ಬಂದಾಗ ಪ್ರೇಮ ಅಲಸಂದೆಕಾಯಿ ಬಿಡಿಸುತ್ತಿದ್ದಳು. ನನ್ನ ಮುಖ ನೋಡಿ, "ಏನಾಯ್ತು?" ಎಂದಳು. ಬಸ್ಸಿನಲ್ಲಿ ನಡೆದದ್ದನ್ನು ಹೇಳಿದೆ. ಅವಳ ಕೈ ನಿಂತಿತು.

"ನೀವು ಅತ್ರಾ?"

"ಹೂಂ."

"ನಾನು ಆರು ತಿಂಗಳಿಂದ ಕಾಯ್ತಿದೀನಿ. ನಿಮ್ಗೇನೂ ಆಗೇ ಇಲ್ವೇನೋ ಅನ್ಕೊಂಡಿದ್ದೆ," ಎಂದಳು. ಅವಳ ಧ್ವನಿಯಲ್ಲಿ ಸಮಾಧಾನವಿರಲಿಲ್ಲ, ಸಿಟ್ಟಿತ್ತು. "ಇಬ್ರಿಗೂ ಸೇರಿದ ಮಗು ಕಣ್ರೀ ಅದು. ನಾನೊಬ್ಳೇ ಅತ್ತು ಅತ್ತು ಸತ್ತೆ. ನೀವು ಮಾತ್ರ ಮೇಲೆ ನಿಂತ್ಕೊಂಡು ಮಾತಾಡಿದ್ರಿ."

ಅವಳ ಎದುರು ಕುಳಿತು ನಾನೂ ಕಾಯಿ ಬಿಡಿಸತೊಡಗಿದೆ. ಬುಟ್ಟಿ ಖಾಲಿಯಾಗುವ ಹೊತ್ತಿಗೆ ಅವಳು, "ನಾನು ಅವಳಿಗೆ ಹೆಸರಿಟ್ಟಿದ್ದೆ. ಕೃಪಾ ಅಂತ," ಎಂದಳು. ಆ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಅಂದು.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆಯಾಗುತ್ತದೆ. ಹೋಗಲಿಲ್ಲ. ಆಗಸ್ಟಿನಲ್ಲಿ ಒಂದು ಮಂಗಳವಾರ ನಾವು ಹೋದಾಗ ಗೌರಮ್ಮನವರ ಹಾಸಿಗೆಗೆ ಹೊಸ ಹೊದಿಕೆ ಹಾಸಿತ್ತು. ದೇವದಾಸಪ್ಪ ನರ್ಸಿನ ಮುಖ ನೋಡಿದರು. ಆಕೆ ತಲೆ ಅಲ್ಲಾಡಿಸಿದಳು. ಭಾನುವಾರ ಮನೆಯಲ್ಲೇ ಹೋದರಂತೆ. ಆ ನಾಲ್ಕು ಗಂಟೆ ದೇವದಾಸಪ್ಪ ಖಾಲಿ ಹಾಸಿಗೆಗೆ ಬೆನ್ನು ಮಾಡಿ ಮಲಗಿದರು. ಊರಿಗೆ ಬಂದು ಬಸ್ಸಿಳಿಯುವಾಗ, "ಶುಕ್ರವಾರ ಬರಬ್ಯಾಡಿ ಅಯ್ನೋರೇ. ನಾನು ಹೋಗಲ್ಲ," ಎಂದರು.

ಶುಕ್ರವಾರ ಹೋದೆ. ಅವರು ಎದ್ದು ಹೊರಗೆ ಬರಲಿಲ್ಲ. ಹೀಗೇ ಬಿಟ್ಟರೆ ಒಂದು ವಾರ ಉಳಿಯುವುದೂ ಕಷ್ಟ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ಭಾನುವಾರ ಅಜ್ಜಂಪುರದ ಆರಾಧನೆಯ ಸರದಿ. ಅಂದು ಪ್ರೇಮ ತಾನೂ ಬರುತ್ತೇನೆ ಎಂದಳು, ಯಾಕೆ ಎಂದು ನಾನು ಕೇಳಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ಜನ ಚಾಪೆಯ ಮೇಲೆ ಕುಳಿತಿದ್ದರು. ಗಂಡನನ್ನು ಮನೆಯಲ್ಲಿ ಬಿಟ್ಟು ಸುಶೀಲಮ್ಮ ಬಾಗಿಲ ಬಳಿ ಕುಳಿತಿದ್ದರು. ನಾನು ಫೈಲು ತೆರೆದೆ. ಭಯಪಡಬೇಡಿರಿ ಎಂದು ಶುರುಮಾಡಿದೆ. ಅಷ್ಟಕ್ಕೇ ನಿಂತುಹೋದೆ. ಅಕ್ಷರ ಕಾಣಿಸುತ್ತಿತ್ತು, ಬಾಯಿ ಏಳುತ್ತಿರಲಿಲ್ಲ. ಹೊರಗೆ ಸೂರಿನ ನೀರು ತಗಡಿನ ಮೇಲೆ ಬೀಳುತ್ತಿತ್ತು. ಎಲ್ಲರೂ ಕಾದರು.

"ನನ್ನ ಕೈಲಿ ಆಗ್ತಿಲ್ಲ," ಎಂದೆ ಕೊನೆಗೆ. "ನಂಗೇ ಭಯ ಆಗಿದೆ. ಫೆಬ್ರವರಿಯಿಂದ ನಾನು ಸರಿಯಾಗಿ ಪ್ರಾರ್ಥನೆ ಮಾಡಿಲ್ಲ. ನಿಮ್ಗೆ ಸುಳ್ಳು ಹೇಳ್ತಾ ಬಂದೆ."

ಹೇಳಿ ಕುರ್ಚಿಯ ಮೇಲೆ ಕುಸಿದೆ. ಕೆಲಸ ಹೋಯಿತು ಎಂದುಕೊಂಡೆ, ಮರ್ಯಾದೆ ಹೋಯಿತು ಎಂದುಕೊಂಡೆ. ಆಗ ಸುಶೀಲಮ್ಮ ಎದ್ದು ನಿಂತರು. ಸಭೆಯಲ್ಲಿ ಯಾವತ್ತೂ ಬಾಯಿ ತೆರೆಯದ ಹೆಂಗಸು. ಸೆರಗು ತಲೆಯ ಮೇಲೆಳೆದುಕೊಂಡು ಕಣ್ಣು ಮುಚ್ಚಿದರು.

"ಕರ್ತನೇ, ನಮ್ಮಯ್ನೋರು ಸುಸ್ತಾಗವ್ರೆ. ನಮ್ಮೆಜಮಾನ್ರೂ ಸುಸ್ತಾಗವ್ರೆ. ನೀನು ಈ ಭೂಮಿ ಮ್ಯಾಲೆ ನಡ್ದಾಗ ನಿಂಗೂ ಸುಸ್ತಾಗಿತ್ತು, ನಿಂಗೆ ಗೊತ್ತೈತೆ. ಇಬ್ರಿಗೂ ನಿದ್ದೆ ಕೊಡು. ನಾಳೆ ಒಂದಿನ ನಡ್ಸು. ಆಮೆನ್."

ಅಷ್ಟೇ. ಅದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ನಾನು ಕೇಳಿಲ್ಲ. ಹನ್ನೊಂದು ಜನವೂ ಆಮೆನ್ ಎಂದರು; ಅದರಲ್ಲಿ ಪ್ರೇಮಳ ಧ್ವನಿಯೂ ಇತ್ತು.

ಪ್ರಸಂಗವಿಲ್ಲದೆ ಆರಾಧನೆ ಮುಗಿಯಿತು. ಎಲ್ಲರೂ ಕೊಡೆ ಹಿಡಿದು ದೇವದಾಸಪ್ಪನವರ ಮನೆಗೆ ನಡೆದೆವು. ಅವರ ಕಣ್ಣು ಕಾಣದಷ್ಟು ಮುಖ ಊದಿತ್ತು, ಉಸಿರು ಸೆಳೆಯುತ್ತಿತ್ತು. ನಾನು ಚಾಪೆಯ ಪಕ್ಕ ಕುಳಿತು ಹೇಳಿದೆ, "ಇವತ್ತು ಪ್ರಸಂಗ ಮಾಡಕ್ಕಾಗ್ಲಿಲ್ಲ ದೇವದಾಸಪ್ಪನವರೇ. ನಿಂತ್ಕೊಂಡೋನು ಹಂಗೇ ಕೂತ್ಬಿಟ್ಟೆ."

"ಪೂರ್ತಿ ನಿಂತೋಯ್ತಾ?"

"ಪೂರ್ತಿ."

"ಇಬ್ರೂ ಕೆಟ್ಟೋದ್ವಲ್ಲ," ಎಂದರು. ಆಮೇಲೆ ಮೊಣಕೈಯೂರಿ ಏಳಲು ಹೊರಟರು. "ಏಳಿಸ್ರೀ. ಮಂಗಳವಾರದ ತನಕ ಆಗಲ್ಲ ನಂಗೆ. ಈಗ್ಲೇ ಹೋಗಣ."

ಒಂದು ಆಟೋ ಹಿಡಿದು ತರೀಕೆರೆಗೆ ಹೋದೆವು. ಪ್ರೇಮ ಅವರ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಕುಳಿತಿದ್ದಳು. ಫೆಬ್ರವರಿಯ ನಂತರ ಅವಳು ಆಸ್ಪತ್ರೆಯ ಬಾಗಿಲು ದಾಟಿದ್ದು ಅದೇ ಮೊದಲು. ಒಳಗೆ ಹೋಗುವಾಗ ಅವಳ ಕೈ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಉಗುರಿನ ಗುರುತು ಮೂರು ದಿನ ಇತ್ತು.

ಸೆಪ್ಟೆಂಬರ್ ಪೂರಾ ಮೂವರೂ ಹೋದೆವು. ಪ್ರೇಮ ಅವರಿಗೆಂದು ಉಪ್ಪಿಲ್ಲದ ಚಪಾತಿ, ಪಲ್ಯ ಮಾಡಿ ಡಬ್ಬಿಯಲ್ಲಿ ತರುತ್ತಿದ್ದಳು. ದೇವದಾಸಪ್ಪ ಒಂದು ತುತ್ತು ತಿಂದು, "ಮಣ್ಣು ಇದಕ್ಕಿಂತ ರುಚಿ ಇರ್ತದೆ ಅಮ್ನೋರೇ," ಎನ್ನುತ್ತಿದ್ದರು, ಪೂರ್ತಿ ತಿನ್ನುತ್ತಿದ್ದರು. ಕೃಪಾಳ ಬಗ್ಗೆ ಅವಳು ಮೊದಲು ಮಾತಾಡಿದ್ದು ಅವರ ಜೊತೆ, ನನ್ನ ಜೊತೆಯಲ್ಲ. ಅದರಿಂದ ನನಗೆ ಸ್ವಲ್ಪ ನೋವಾಯಿತು; ಅದು ನ್ಯಾಯವೆಂದೂ ಅನ್ನಿಸಿತು.

ಅಕ್ಟೋಬರಿನಲ್ಲಿ ಅವರ ಕೈಯ ಆ ಉಬ್ಬಿದ ಜಾಗಕ್ಕೆ ಸೋಂಕು ತಗುಲಿತು. ಚಳಿಜ್ವರ ಬಂತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೆಯ ದಿನ ಮಧ್ಯಾಹ್ನ ಸುಶೀಲಮ್ಮ ಊಟಕ್ಕೆ ಕೆಳಗೆ ಹೋಗಿದ್ದರು, ನಾನೊಬ್ಬನೇ ಇದ್ದೆ. ಅವರು ಕಣ್ಣು ತೆರೆದರು.

"ಎಷ್ಟು ಜನಕ್ಕೆ ಪೆಟ್ಟಿಗೆ ಮಾಡಿದೀನಿ," ಎಂದರು, ತೊದಲುತ್ತಾ. "ಅಳತೆ ತಗಳುವಾಗ ಒಂದಿನಾನೂ ಭಯ ಆಗಿರ್ಲಿಲ್ಲ. ಈಗ ಆಗ್ತೈತೆ ಅಯ್ನೋರೇ."

ಭಯಪಡಬೇಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಾನಿಲ್ಲೇ ಇದೀನಿ," ಎಂದೆ. "ಆತನೂ ಇಲ್ಲೇ ಇದಾನೆ."

"ಇದಾನಾ?"

"ಇದಾನೆ," ಎಂದೆ. ಆ ವರ್ಷ ನಾನು ದೇವರ ಬಗ್ಗೆ ಹೇಳಿದ ಮಾತುಗಳಲ್ಲಿ ನಿಜವೆಂದು ಒಳಗಿನಿಂದ ಅನ್ನಿಸಿ ಹೇಳಿದ್ದು ಅದೊಂದೇ. ಯಾಕೆ ಹಾಗನ್ನಿಸಿತು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಅವರು ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ. ಸುಶೀಲಮ್ಮ ಬಂದು ಇನ್ನೊಂದು ಕೈ ಹಿಡಿದರು. ಸಂಜೆ ಐದರ ಹೊತ್ತಿಗೆ ಬಡಗಿಯ ಹಿಡಿತ ಸಡಿಲವಾಯಿತು.

ಅಜ್ಜಂಪುರದಲ್ಲಿ ಮಣ್ಣು ಮಾಡಿದೆವು. ಗುಂಡಿಯಲ್ಲಿ ನೀರು ನಿಂತಿತ್ತು, ಬೊಗಸೆಯಲ್ಲಿ, ಬಕೀಟಿನಲ್ಲಿ ಎತ್ತಿ ಹಾಕಿದೆವು. ಪೆಟ್ಟಿಗೆಯನ್ನು ಹೊರಗಿನಿಂದ ತರಿಸಬೇಕಾಯಿತು. ಮಣ್ಣಿನ ಪ್ರಾರ್ಥನೆಯ ನಡುವೆ ನನ್ನ ಧ್ವನಿ ಒಡೆಯಿತು. ಪುಸ್ತಕವನ್ನು ಪ್ರೇಮ ನನ್ನ ಕೈಯಿಂದ ತೆಗೆದುಕೊಂಡು, ನಿಂತ ಸಾಲಿನಿಂದಲೇ ಮುಂದಕ್ಕೆ ಓದಿದಳು. ಮುಗಿದ ಮೇಲೆ ಯಾರೂ ನನ್ನ ವಿಶ್ವಾಸದ ಬಗ್ಗೆ ಮಾತಾಡಲಿಲ್ಲ. ಒಬ್ಬೊಬ್ಬರಾಗಿ ಬಂದು ಸುಮ್ಮನೆ ಭುಜ ಮುಟ್ಟಿ ಹೋದರು.

ಭಯ ಹೋಯಿತೇ? ಇಲ್ಲ. ಈಗಲೂ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎದೆ ಹಾರುತ್ತದೆ. ಅಂದು ಮಣ್ಣು ಮಾಡಿ ಬಂದ ಮೇಲೆ ಮೂರು ದಿನ ನಾವಿಬ್ಬರೂ ಮನೆಯಿಂದ ಹೊರಗೆ ಹೋಗಲಿಲ್ಲ. ಮಳೆ ಬರುತ್ತಲೇ ಇತ್ತು. ನಾಲ್ಕನೆಯ ದಿನ ಬೆಳಗಿನ ಜಾವ ಎಚ್ಚರವಾದಾಗ ಅಡುಗೆಮನೆಯಲ್ಲಿ ದೀಪವಿತ್ತು. ಪ್ರೇಮ ಚಪಾತಿ ಲಟ್ಟಿಸುತ್ತಿದ್ದಳು.

"ಇವತ್ತು ಮಂಗಳವಾರ," ಎಂದಳು.

"ಯಾರಿಗೆ ಪ್ರೇಮಾ?"

"ಗೊತ್ತಿಲ್ಲ. ಹೋಗೋಣ ನಡೀರಿ."

ತರೀಕೆರೆಯ ಆ ಕೋಣೆಯಲ್ಲಿ, ದೇವದಾಸಪ್ಪ ಮಲಗುತ್ತಿದ್ದ ಹಾಸಿಗೆಯ ಮೇಲೆ, ಚೌಳಹಿರಿಯೂರು ಕಡೆಯ ಒಬ್ಬ ಹೆಂಗಸು ಕಾಲು ಇಳಿಬಿಟ್ಟು ಕುಳಿತಿದ್ದರು. ಅವರಿಗೆ ಅದು ಮೊದಲ ದಿನ. ಮಗ ಯಾವುದೋ ಕಾಗದಕ್ಕೆ ಸಹಿ ಹಾಕಲು ಹೊರಗೆ ಹೋಗಿದ್ದ. ಮಿಷನ್ನನ್ನೂ ನಳಿಕೆಗಳನ್ನೂ ಒಂದೊಂದಾಗಿ ನೋಡುತ್ತಿದ್ದರು. ನಮ್ಮನ್ನು ಕಂಡು ಕೇಳಿದರು, "ನೀವು ಯಾರ ಕಡೆಯೋರು ತಾಯಿ?"

"ಯಾರ ಕಡೆಯೋರೂ ಅಲ್ಲ ಕಣಮ್ಮ," ಎಂದಳು ಪ್ರೇಮ. "ಸುಮ್ನೆ ಬಂದ್ವಿ."

ಆಕೆ ಪ್ರೇಮಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಹಾಸಿಗೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.

"ಹಂಗಾದ್ರೆ ಕೂತ್ಕ," ಎಂದರು. "ನಂಗೆ ಭಯ ಆಗ್ತೈತೆ."

ಪ್ರೇಮ ಕುಳಿತಳು.